ಡಾಕ್ ಸೇವಕರು ಹಕ್ಕು ಕಳೆದುಕೊಳ್ಳುವ ಸುಲಭ ಕ್ರಮ

ಕಿತ್ತೂರಿನ ಹತ್ತಿರದ ದೇಗಾಂವದಂಥ ಊರಿನಲ್ಲಿ ಗ್ರಾಮೀಣ ಡಾಕ್ ಸೇವಕರಾಗಿದ್ದೀರಿ. ನೌಕರರ ಸಂಘದ ಚಂದಾ ರಸೀದಿಯೂ ಜೇಬಿನಲ್ಲಿದೆ. ಇನ್ನು ದುಡ್ಡು, ಹಕ್ಕು ಎರಡನ್ನೂ ಅಚ್ಚುಕಟ್ಟಾಗಿ ಕಳೆದುಕೊಳ್ಳುವುದನ್ನು ಕಲಿಯಿರಿ. ಕೆಳಗಿನ ಐದು ಹಂತಗಳನ್ನು ಬಿಡದೆ ಪಾಲಿಸಿ.

1. ಗಡಿಯಾರ ನೋಡಬೇಡಿ. ದಿನಕ್ಕೆ ಹೆಚ್ಚೆಂದರೆ ಐದು ತಾಸು ಎನ್ನುತ್ತದೆ ನಿಯಮ. ಟಪಾಲು ಚೀಲ ತಡವಾದರೆ ಕಟ್ಟೆಯ ಮೇಲೆ ಕೂತು ಕಾಯಿರಿ. ಅದನ್ನು ವಿಶ್ರಾಂತಿ ಎಂದು ತಿಳಿಯಿರಿ. ಸಂಜೆ ಹೊಲದ ಮನೆಗೆ ಪಾರ್ಸೆಲ್ ಒಯ್ದರೆ ವಾಯುವಿಹಾರದ ಲೆಕ್ಕಕ್ಕೆ ಹಾಕಿ.

2. ಬಟವಾಡೆಯ ಲೆಕ್ಕ ಕಡಿಮೆ ಬರೆಯಿರಿ. 2018ರ ಆದೇಶದಂತೆ ಡಾಕ್ ಸೇವಕರ ಕನಿಷ್ಠ ಮೂಲ ಭತ್ಯೆ ದಿನದ ನಾಲ್ಕು ತಾಸಿಗೆ ತಿಂಗಳಿಗೆ 10,000 ರೂಪಾಯಿ, ಐದು ತಾಸಿಗೆ 12,000. ಯಾವುದು ನಿಮಗೆ ಎಂಬುದು ಕೆಲಸದ ಹೊರೆ ನೋಡಿ ನಿರ್ಧಾರವಾಗುತ್ತದೆ. ದಾಖಲಾಗದ ಪತ್ರ, ದಾಖಲಾಗದ ಕಿಲೋಮೀಟರು ನಿಮ್ಮನ್ನು ನಾಲ್ಕು ತಾಸಿನಲ್ಲೇ ಭದ್ರವಾಗಿ ಇಡುತ್ತವೆ. ತಿಂಗಳಿಗೆ 2,000 ರೂಪಾಯಿ ಎಣಿಸುವ ಶ್ರಮ ಉಳಿಯುತ್ತದೆ.

3. ಬಾಯಿಮಾತಿನ ಆದೇಶವನ್ನೇ ನಂಬಿ. ‘ಈ ವಾರ ಇಪ್ಪತ್ತ ಖಾತೆ ಮಾಡಸ್ರಿ’ ಎಂದು ಫೋನ್ ಬಂದರೆ ‘ಹೂಂನ್ರಿ ಸಾಹೇಬ್ರ’ ಅನ್ನಿ. ಗುರಿ ಮುಟ್ಟದಿದ್ದರೆ ಹೆಂಡತಿ, ಅತ್ತೆ, ಅಳಿಯನ ಹೆಸರಲ್ಲಿ ನೀವೇ ಕಟ್ಟಿ. ದುಡ್ಡು ಸಾಲದಿದ್ದರೆ ಸಾಲ ಮಾಡಿ; ಸೇರುವಾಗಲೇ ‘ಜೀವನಕ್ಕೆ ಬೇರೆ ಆದಾಯವಿದೆ’ ಎಂದು ಬರೆದುಕೊಟ್ಟಿದ್ದೀರಲ್ಲ! ಅದೊಂದು ಕಾಗದ ಸಾಕು. ಆದೇಶವನ್ನು ಬರಹದಲ್ಲಿ ಕೊಡಿ ಎಂದು ಸಾಹೇಬರನ್ನು ಕೇಳುವುದು ಒರಟುತನ. ಕಮಲನಾರಾಯಣ ಗುಡಿ ಕಟ್ಟಿಸಿದ ಕದಂಬರ ರಾಣಿ ಕಮಲಾದೇವಿಯ ಕಾಲದ ದಾನ 12ನೇ ಶತಮಾನದಿಂದಲೂ ದೇಗಾಂವದ ಕಲ್ಲಿನಲ್ಲಿ ಓದಲು ಸಿಗುತ್ತದೆ. ಹಾಗೆ ಬರೆಸಿಡುವುದು ಅರಸರ ಶೋಕಿ, ನಿಮಗೆ ಹೊಂದದು.

4. ಕೋರ್ಟಿನ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1977ರಲ್ಲೇ, ಆಗ ‘ಇಲಾಖೇತರ’ ಎನಿಸಿಕೊಂಡಿದ್ದ ನಿಮ್ಮಂಥವರದೂ ನಾಗರಿಕ ಹುದ್ದೆಯೇ, ಹೇಳಿಕೊಳ್ಳಲು ಅವಕಾಶ ಕೊಡದೆ ತೆಗೆಯುವಂತಿಲ್ಲ ಎಂದಿತು. ಹೀಗಾಗಿ ಆ ಅವಕಾಶವನ್ನು ನೀವೇ ಕೈಬಿಡಬೇಕಾಗುತ್ತದೆ. ನೋಟಿಸು ಬಂದರೆ ಓದದೆ ಸಹಿ ಹಾಕಿ. ಝೆರಾಕ್ಸ್ ತೆಗೆಸಬೇಡಿ. ಉತ್ತರದ ಗಡುವು ದಾಟಿದ ಮರುದಿನ ಸಂಘದವರಿಗೆ ಫೋನ್ ಮಾಡಿ, ‘ಸಂಘ ಏನೂ ಮಾಡಂಗಿಲ್ಲ’ ಎಂದು ಬೈಯಿರಿ.

5. ಚಂದಾ ಕೊಟ್ಟದ್ದನ್ನೇ ಹೋರಾಟ ಎಂದುಕೊಳ್ಳಿ. ಸಭೆ ಬೈಲಹೊಂಗಲದಲ್ಲಿದ್ದರೆ ದೂರ ಅನ್ನಿ, ಕಿತ್ತೂರಿನಲ್ಲೇ ಇದ್ದರೆ ಬಿಸಿಲು ಅನ್ನಿ. ನಿಮ್ಮ ಭತ್ಯೆ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿ ಸಲ್ಲಿಕೆಯಾದದ್ದು 2016ರ ನವೆಂಬರ್‌ನಲ್ಲಿ. ಒಂದೂವರೆ ವರ್ಷ ಭತ್ಯೆ ಏರಲಿಲ್ಲ. 2018ರ ಮೇ 22ರಂದು ದೇಶದ ಡಾಕ್ ಸೇವಕರು ಮುಷ್ಕರ ಹೂಡಿದರು. ಜೂನ್ 6ಕ್ಕೆ ಕೇಂದ್ರ ಸಂಪುಟ ಹೊಸ ಭತ್ಯೆಗೆ ಒಪ್ಪಿತು. ಕಾಕತಾಳೀಯ ಎಂದು ತಿಳಿಯಿರಿ. ಮುಂದಿನ ಮುಷ್ಕರದ ದಿನ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋಗಿ. ಹೆಚ್ಚಿದ ದುಡ್ಡನ್ನು ಮಾತ್ರ ಎಲ್ಲರಿಗಿಂತ ಮೊದಲು ಎಣಿಸಿಕೊಳ್ಳಿ.

ಇಷ್ಟು ಮಾಡಿದರೆ 65ನೇ ವಯಸ್ಸಿಗೆ ಬರಿಗೈಲಿ ಹೊರಬರಬಹುದು. ಐದು ತಾಸಿನ ಆಚೆ ದುಡಿದದ್ದಕ್ಕೆ ಪುರಾವೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಧೈರ್ಯದಿಂದ ಹೇಳಿ: ‘ಇಡೀ ಊರಿಗೇ ಗೊತ್ತೈತ್ರಿ.’ ಊರಿಗೆ ಗೊತ್ತಿದ್ದು ರಿಜಿಸ್ಟರಿನಲ್ಲಿ ಇಲ್ಲದ ಕೆಲಸಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ.