ಕೊಡುಗೈ ದಾನಿಗಳ ಚಕ್ಕುಬಂದಿ: ಚಿಕ್ಕಬಳ್ಳಾಪುರ ಸೀಮೆಯ ಉದ್ಯಮಿಗಳ ಪೂರ್ವೋತ್ತರ ಕುರಿತು ಒಂದು ಶಾಸನಾಧಾರಿತ ವಿವೇಚನೆ

ಈ ಪ್ರಬಂಧದ ಹಿಂದೆ ಇರುವುದು ಶುದ್ಧ ಜ್ಞಾನದಾಹವಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಕೊಂಡಿರುವ ನನ್ನ ಭಾವಮೈದ, ಚಿಕ್ಕಬಳ್ಳಾಪುರದ ಉದ್ಯಮಿಯೊಬ್ಬರ ಜೊತೆ ಪಾಲುದಾರಿಕೆಗೆ ಹೊರಟಿದ್ದ. “ಭಾವ, ಅವರ ಪೂರ್ವೋತ್ತರ ಒಂಚೂರು ವಿಚಾರಿಸಿ. ಹೆಂಗೂ ರಿಟೈರಾಗಿ ಮನೇಲೇ ಇದೀರಲ್ಲ” ಅಂದ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನಿಗೆ ಇಷ್ಟು ಗೌರವದ ಕರೆ ಬರುವುದು ಅಪರೂಪ. ಹೆಣ್ಣು ಕೊಡುವ ಮುಂಚೆ ಮೂರು ತಲೆಮಾರು ಜಾಲಾಡುವ ನಮ್ಮ ಸೀಮೆಯವರು ದುಡ್ಡು ಕೊಡುವ ಮುಂಚೆ ಕಾರಿನ ಬಣ್ಣ ನೋಡಿ ತೃಪ್ತರಾಗುತ್ತಾರೆ. ಈ ಕೊರತೆಯನ್ನು ತುಂಬುವ ವಿನಮ್ರ ಯತ್ನ ಇದು. ಉದ್ಯಮಿಯ ಹೆಸರು ಹೇಳುವಂತಿಲ್ಲವಾಗಿ ‘ಶ್ರೀಯುತರು’ ಎಂದಿಟ್ಟುಕೊಳ್ಳೋಣ.

ಶ್ರೀಯುತರ ಬಗ್ಗೆ ಸಿಗುವ ಮೊದಲ ಆಕರ ಫ್ಲೆಕ್ಸ್. ಅದು ದಾನಶಾಸನದ ನೇರ ವಾರಸುದಾರ ಎಂಬುದು ನನ್ನ ಪ್ರತಿಪಾದನೆ. ನಂದಿಯ ಭೋಗನಂದೀಶ್ವರನಿಗೆ ಸಂಬಂಧಿಸಿದ ಶಾಸನಗಳು 9ನೇ ಶತಮಾನದ ಆರಂಭದಿಂದಲೇ ಸಿಗುತ್ತವೆ. ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟವಾಗಿ ತಂದಾಗ ನಮ್ಮ ತಾಲ್ಲೂಕುಗಳೂ ಅದರೊಳಗೇ ಇದ್ದವು. ಬೇರೆ ಜಿಲ್ಲೆಯ ಯೋಗ ಕೂಡಿಬಂದದ್ದು 2007ರಲ್ಲಿ. ಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರಿರುತ್ತಾರೆ. ಫ್ಲೆಕ್ಸಿನ ನೆತ್ತಿಯಲ್ಲಿ ದುಂಡನೆಯ ಚೌಕಟ್ಟಿನೊಳಗೆ ಪಕ್ಷದ ನಾಯಕರು. ಅಲ್ಲಿ ಸೂರ್ಯಚಂದ್ರರಿರುವ ತನಕ ಧರ್ಮ ಉಳಿಯಲಿ ಎಂಬ ಆಶಯ. ಇಲ್ಲಿ ನಾಯಕರು ಪಕ್ಷ ಬದಲಿಸುವ ತನಕ. ನಡುವೆ ಬಿರುದಾವಳಿ: ಯುವ ಮುಖಂಡರು, ಬಡವರ ಬಂಧು, ಕೊಡುಗೈ ದಾನಿ. ಶಾಸನದ ಕೊನೆಗೆ ಶಾಪಾಶಯ, ಈ ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಫ್ಲೆಕ್ಸಿನ ಕೊನೆಗೆ ‘ಶುಭ ಕೋರುವವರು’, ಅಂಚೆಚೀಟಿಯಷ್ಟಗಲದ ಮುಖಗಳ ಸಾಲು. ಎರಡರ ಕೆಲಸವೂ ಒಂದೇ: ಕೀಳಲು ಬಂದವನು ಯಾರನ್ನೆಲ್ಲ ಎದುರಿಸಬೇಕಾದೀತು ಎಂದು ಮುಂಚೆಯೇ ತಿಳಿಸುವುದು.

ವ್ಯತ್ಯಾಸ ಒಂದೇ. ಶಾಸನದಲ್ಲಿ ಕೊಟ್ಟ ಭೂಮಿಗೆ ಎಲ್ಲೆ ಹೇಳಿರುತ್ತಾರೆ, ಮೂಡಲಿಗೆ ಕೆರೆ, ತೆಂಕಲಿಗೆ ಬಂಡೆ ಅಂತ. ಇವತ್ತಿನ ಕ್ರಯಪತ್ರದಲ್ಲೂ ಚಕ್ಕುಬಂದಿ ಇರಲೇಬೇಕು. ಫ್ಲೆಕ್ಸಿನ ‘ಕೊಡುಗೈ ದಾನಿ’ಗೆ ಮಾತ್ರ ಚಕ್ಕುಬಂದಿಯೇ ಇಲ್ಲ. ಏನು ಕೊಟ್ಟರು, ಯಾರಿಗೆ ಕೊಟ್ಟರು, ಮುಖ್ಯವಾಗಿ ಯಾರದ್ದನ್ನು ಕೊಟ್ಟರು? ಶ್ರೀಯುತರ ಕೀರ್ತಿಗೆ ನಾಲ್ಕು ದಿಕ್ಕಿನಲ್ಲೂ ಕಲ್ಲು ನೆಡಲು ನಾನು ಹೊರಟೆ.

ಈ ಶಾಸ್ತ್ರಕ್ಕೆ ಗುರುವಿಲ್ಲದೆ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಶೂನ್ಯದಿಂದ ವಿಭೂತಿ ಬರುವುದನ್ನು ಅವರು ಪ್ರಶ್ನಿಸಿದರು. ಶೂನ್ಯದಿಂದ ಲೇಔಟ್ ಬರುವುದನ್ನು ಪ್ರಶ್ನಿಸುವ ಭಾಗ್ಯ ನಮ್ಮ ಪಾಲಿಗೆ ಉಳಿದಿದೆ. ಅದೇ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಜಾಲವಿದೆ. ಬೇರೆ ಖಂಡದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಅದಕ್ಕೆ ತಿಳಿಯುತ್ತದೆ. ನಮ್ಮದೇ ನೆಲದಡಿ ಮುಚ್ಚಿಟ್ಟ ಸಾಲಕ್ಕೆ ಅಂಥ ಮಾಪಕ ಇಲ್ಲವೇ ಎಂದರೆ, ಇದೆ: ಪಹಣಿಯ 11ನೇ ಕಾಲಂ.

ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರು, 10ರಲ್ಲಿ ಅದು ಬಂದ ರೀತಿ, 11ರಲ್ಲಿ ಇತರರ ಹಕ್ಕು ಮತ್ತು ಋಣ. ಹಿಂದೆ ಇಂಥ ಲೆಕ್ಕಗಳೆಲ್ಲ ಕಡತದಲ್ಲಿರುತ್ತಿದ್ದವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಮಡಿಸಿ, ಬಳಪದಲ್ಲಿ ಬರೆಯುವುದು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುವ ಸೌಕರ್ಯವೂ ಇತ್ತು. (ಹುಣಸೆ ವ್ಯಾಪಾರಕ್ಕೆ ಹೆಸರಾದ ಚಿಂತಾಮಣಿಗೂ ಇತಿಹಾಸ ತಿದ್ದುವ ಕಲೆಗೂ ಇರುವ ಸಂಬಂಧವನ್ನು ಯಾರಾದರೂ ಪಿಎಚ್.ಡಿ.ಗೆ ಎತ್ತಿಕೊಳ್ಳಬಹುದು.) 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹತ್ತಿತು, ಮೊದಮೊದಲು 15 ರೂಪಾಯಿಗೆ ಯಾರ ಪಹಣಿಯನ್ನು ಯಾರು ಬೇಕಾದರೂ ಪಡೆಯುವಂತಾಯಿತು. ಕಾಲಜ್ಞಾನ ನುಡಿದ ಕೈವಾರದ ತಾತಯ್ಯನವರ ತಾಲ್ಲೂಕಿನಲ್ಲಿ ಭೂತಕಾಲ ಇಷ್ಟು ಅಗ್ಗವಾದದ್ದು ಗಮನಾರ್ಹ.

ಶ್ರೀಯುತರ ಫಾರಂ ಹೌಸಿನ ಸರ್ವೆ ನಂಬರಿನಲ್ಲಿ 9ನೇ ಕಾಲಂ ಒಂದೇ ಸಾಲು. 11ನೇ ಕಾಲಂ ಮಾತ್ರ ಚಂಪೂ ಕಾವ್ಯ: ಒಂದು ಬ್ಯಾಂಕು, ಒಂದು ಸೊಸೈಟಿ, ಇನ್ನೊಂದು ಬ್ಯಾಂಕು, ನಡುವೆ ಕೋರ್ಟಿನ ತಡೆಯಾಜ್ಞೆ. ಋಣಭಾರ ಪತ್ರ, ಅಂದರೆ ಜನ ಇ.ಸಿ. ಅನ್ನುವುದು, ನಮೂನೆ 16ರಲ್ಲಿ ಬಂದರೆ ಆಸ್ತಿ ನಿರಾಳ. 15ರಲ್ಲಿ ಬಂದರೆ ಓದಲು ಕನ್ನಡಕ ಬೇಕು. ನಾನು ಕನ್ನಡಕ ಹಾಕಿಕೊಂಡೆ.

ಇಲ್ಲಿ ಪಾಠಾಂತರಗಳ ಕಾಟ ಶುರು. ನಮ್ಮ ಸೀಮೆಯ ಯಾವುದೇ ಬಸ್ ಸ್ಟಾಂಡಿನಲ್ಲಿ “ಮುನಿಯಪ್ಪಾ” ಎಂದು ಕೂಗಿದರೆ ಬಸ್ಸೇ ನಿಲ್ಲುತ್ತದೆ, ಯಾಕೆಂದರೆ ಡ್ರೈವರೂ ಮುನಿಯಪ್ಪನೇ. ಶ್ರೀಯುತರು ಪಹಣಿಯಲ್ಲಿ ಇಂಥವರ ‘ಬಿನ್’, ಕ್ರಯಪತ್ರದಲ್ಲಿ ‘ಉರುಫ್’, ಕಂಪನಿ ದಾಖಲೆಯಲ್ಲಿ ಒಂದು ಇಂಗ್ಲಿಷ್ ಸ್ಪೆಲ್ಲಿಂಗು, ಕೋರ್ಟಿನಲ್ಲಿ ಇನ್ನೊಂದು. ಪಂಪಭಾರತದ ಹಸ್ತಪ್ರತಿಗಳನ್ನು ಹೋಲಿಸಿ ನೋಡುವುದು ಇದಕ್ಕಿಂತ ಸುಲಭ. ಗೋಜಲು ಬಿಡಿಸಲು ವಂಶವೃಕ್ಷ ತರಿಸಿದೆ. ಅದರಲ್ಲಿ ಮೂರು ಕೊಂಬೆ, ಮೂರೂ ಗಂಡು. ಪಾಲಿನ ದಾವೆಯಲ್ಲಿ ಐದು. ಉಳಿದೆರಡು ಹೆಣ್ಣುಕೊಂಬೆಗಳನ್ನು ಯಾರೋ ಮರ ನೆಡುವಾಗಲೇ ಸವರಿದ್ದರು. ಐದು ಕೊಂಬೆಯ ಪಾಠವನ್ನು ನಾನು ಪ್ರಕ್ಷಿಪ್ತ ಎಂದು ತಳ್ಳಿಹಾಕಲಾರೆ. ಅಳಿಸಿಹೋದವರು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾರೆ.

ಕಂಪನಿಯ ಕಡೆಗೆ ಬಂದರೆ ಭಾವಮೈದನ ಕಸುಬೇ ದಾರಿ ತೋರಿತು. ಗೂಡನ್ನು ಬಿಸಿನೀರಿಗೆ ಹಾಕದೆ ಎಳೆ ಬಿಡುವುದಿಲ್ಲ. ಏಳೆಂಟು ಗೂಡುಗಳ ಎಳೆ ಸೇರದೆ ನೂಲಾಗುವುದಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ ಪ್ರತಿ ನಿರ್ದೇಶಕನಿಗೂ ಜೀವಮಾನಕ್ಕೊಂದೇ 8 ಅಂಕಿಯ ಡಿನ್ ಸಂಖ್ಯೆ ಕೊಡುತ್ತದೆ. ಆ ಎಳೆ ಹಿಡಿದು ಜಗ್ಗಿದೆ. ಆರು ಕಂಪನಿಗಳು ಒಟ್ಟಿಗೆ ಬಿಚ್ಚಿಕೊಂಡವು. ಕಂಪನಿಯ 21 ಅಕ್ಷರಾಂಕಿಗಳ ಸಂಖ್ಯೆಯೊಳಗೆ ಅದು ಹುಟ್ಟಿದ ವರ್ಷವೂ ಇರುತ್ತದೆ ಎಂಬುದು ಲೆಟರ್‌ಹೆಡ್ ಅಚ್ಚು ಹಾಕಿಸುವವರಿಗೆ ತಿಳಿದಂತಿಲ್ಲ: ಮೇಲೆ ‘ಮೂರು ತಲೆಮಾರಿನ ನಂಬಿಕೆ’, ಕೆಳಗೆ ಸಂಖ್ಯೆಯ ಹೊಟ್ಟೆಯಲ್ಲಿ 2018. ಇನ್ನು 2013ರ ಕಂಪನಿ ಕಾಯ್ದೆಯ 164ನೇ ಕಲಂ ಪ್ರಕಾರ, ಸತತ ಮೂರು ವರ್ಷ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕನಿಗೆ ಐದು ವರ್ಷ ಅನರ್ಹತೆ. ಆಗ ಪತ್ನಿ ನಿರ್ದೇಶಕಿಯಾಗುತ್ತಾರೆ, ಆಮೇಲೆ ತಮ್ಮ, ಕೊನೆಗೆ ಕಾರು ಓಡಿಸುವ ಹುಡುಗ. ಆ ಹುಡುಗನಿಗೆ ತಾನು ನಿರ್ದೇಶಕನೆಂದು ಗೊತ್ತಾದದ್ದು ನನ್ನಿಂದಲೇ. ಸಂಬಳ ಜಾಸ್ತಿಯಾಗುತ್ತಾ ಸಾರ್ ಎಂದು ಕೇಳಿದ.

ಮೂಡಲಿಗೆ ಪಹಣಿ, ತೆಂಕಲಿಗೆ ಕಂಪನಿ ದಾಖಲೆ, ಎರಡು ಕಲ್ಲು ನೆಟ್ಟಾಯಿತು. ಪಡುವಣ ದಿಕ್ಕನ್ನು, ಅಂದರೆ ಪತ್ರಿಕೆಗಳನ್ನು, ಬೇಗ ಮುಗಿಸುತ್ತೇನೆ. ಸಾಲ ಕಟ್ಟದವರ ಅಡಮಾನ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆದರೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದರಲ್ಲಿ, ನೋಟಿಸು ಹಾಕಬೇಕು. ಹಾಕುತ್ತಾರೆ, ಇರುವೆಯಷ್ಟು ಅಕ್ಷರದಲ್ಲಿ. ಎದುರು ಪುಟದಲ್ಲಿ ಅದೇ ಮಹನೀಯರಿಗೆ ಅರ್ಧ ಪುಟದ ಹುಟ್ಟುಹಬ್ಬದ ಶುಭಾಶಯ. ಕರ್ನಾಟಕದಿಂದಲೇ ಎರಡು ಸಲ ರಾಜ್ಯಸಭೆಗೆ ಹೋದ ವಿಜಯ್ ಮಲ್ಯರ ಕ್ಯಾಲೆಂಡರನ್ನು ನಾಡೆಲ್ಲ ನೋಡಿತ್ತು. ಕಿಂಗ್‌ಫಿಷರ್ ವಿಮಾನ ಕಂಪನಿಯ ನಷ್ಟ ಅಚ್ಚಾಗಿ ಬರುತ್ತಿದ್ದ ವಾರ್ಷಿಕ ವರದಿಗೆ ಅಷ್ಟು ಓದುಗರಿರಲಿಲ್ಲ. 2016ರ ಮಾರ್ಚಿನಲ್ಲಿ ಅವರು ಲಂಡನ್ನಿಗೆ ಹೊರಟ ಮೇಲೆ ಎಲ್ಲರೂ ಲೆಕ್ಕಿಗರಾದರು.

ಉಳಿದದ್ದು ಉತ್ತರ, ಹೆಸರಿಗೆ ತಕ್ಕಂತೆ ಉತ್ತರ ಸಿಗುವುದೂ ಅಲ್ಲೇ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಬಳಿಯ ಟೀ ಅಂಗಡಿ. ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಹುಳದ ಸ್ಥಿತಿ ಹೇಳುವ ಜನ ಅಲ್ಲಿ ಕೂರುತ್ತಾರೆ. ಮನುಷ್ಯರನ್ನೂ ಅವರು ಹಾಗೇ ಅಳೆಯುತ್ತಾರೆ, ಆದರೆ ಫಲಿತಾಂಶವನ್ನು ವ್ಯಾಕರಣದಲ್ಲಿ ಬಚ್ಚಿಡುತ್ತಾರೆ. ಹದಿನೈದು ದಿನ, ಮೂವತ್ತೆಂಟು ಟೀ ಖರ್ಚು ಮಾಡಿ ನಾನು ಕಂಡುಕೊಂಡದ್ದು ಇದು. ಕೇಳಿದ ತಕ್ಷಣ “ಒಳ್ಳೇವ್ರು” ಅಂದರೆ ಹೇಳಿದವನಿಗೆ ಆ ಮನುಷ್ಯ ಗೊತ್ತೇ ಇಲ್ಲ. “ನಮ್ ತಂಟೆಗೇನೂ ಬಂದಿಲ್ಲ” ಅಂದರೆ ಪಕ್ಕದ ಬೆಂಚಿನವನ ತಂಟೆಗೆ ಬಂದಿದ್ದಾರೆ. “ದೊಡ್ಡೋರ ವಿಷ್ಯ ನಮಗ್ಯಾಕೆ ಬಿಡಿ” ಅಂದರೆ ಎಫ್.ಐ.ಆರ್. ನಂಬರು ಬಾಯಿಪಾಠವಿದೆ. ಎಲ್ಲಕ್ಕಿಂತ ಭಯಂಕರ “ಒಳ್ಳೇವ್ರೇ”. ಕೊನೆಯ ‘ಏ’ ಅವಧಾರಣಾರ್ಥಕ, ಒತ್ತಿ ಹೇಳುವುದಕ್ಕೆ ಇರುವುದು ಎಂದು ನಾನೇ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೆ. ತಪ್ಪು. ಶಿಡ್ಲಘಟ್ಟದಲ್ಲಿ ಅದು ಬಾಕಿ ಇರುವ ಹಣದ ಪ್ರತ್ಯಯ. ಆ ‘ಏ’ ಎಷ್ಟು ಎಳೆಯುತ್ತದೋ ಅಷ್ಟು ಹಳೆಯ ಬಾಕಿ. ಕನ್ನಡದವರು ಸಂಕೋಚದಿಂದ ಹಾಗಂದರೇನೋ ಎಂಬ ಅನುಮಾನಕ್ಕೆ ತೆಲುಗಿನಲ್ಲೂ ಕೇಳಿ ನೋಡಿದೆ. “ಮಂಚೋಡೇ” ಎಂದರು. ಅದೇ ‘ಏ’, ಇನ್ನೂ ಒಂದು ಮಾತ್ರೆ ಉದ್ದ.

ಶ್ರೀಯುತರಿಗೆ ಹನ್ನೊಂದು ಮಂದಿಯಲ್ಲಿ ಒಂಬತ್ತು ‘ಏ’ ಬಿದ್ದವು.

ಅರವತ್ತನಾಲ್ಕು ಪುಟದ ಪ್ರಬಂಧವನ್ನು ಬೈಂಡ್ ಮಾಡಿಸಿ ಭಾವಮೈದನಿಗೆ ಕೊಡಲು ಹೋದೆ. ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ಬಸ್ ಸ್ಟಾಂಡಿನ ಎದುರು ಹೊಸ ಫ್ಲೆಕ್ಸ್ ಏರಿತ್ತು. ನೆತ್ತಿಯಲ್ಲಿ ನಾಯಕರು, ನಡುವೆ ಕೈಮುಗಿದ ಶ್ರೀಯುತರು, ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಎಡದಿಂದ ಮೂರನೆಯವನಾಗಿ, ಯಾರದೋ ಕೋಟು ತೊಟ್ಟು, ನನ್ನ ಹೆಂಡತಿಯ ತಮ್ಮ.

ಟೀ ಅಂಗಡಿಗೆ ಬಂದು ಕೂತೆ. ಆಚೆ ಬೆಂಚಿನಲ್ಲಿ ಗೂಡು ತಂದಿದ್ದ ರೈತರೊಬ್ಬರು ಅಂಗಡಿಯವರನ್ನು ಮೆಲ್ಲಗೆ ಕೇಳುತ್ತಿದ್ದರು, ಆ ಮೂರನೇ ಫೋಟೋದವರು ಹೆಂಗಣ್ಣ, ಅವರ ಜೊತೆ ವ್ಯವಹಾರ ಮಾಡಬಹುದಾ ಅಂತ. ಅಂಗಡಿಯವರು ನನ್ನ ಕಡೆ ಒಮ್ಮೆ ನೋಡಿ, ಸಕ್ಕರೆ ಡಬ್ಬಿಯ ಮುಚ್ಚಳ ಸರಿಮಾಡುತ್ತಾ “ಒಳ್ಳೇವ್ರೇ” ಅಂದರು.