ಜೀರ್ಣಾಂಗಿ ಮೀಮಾಂಸೆ: ಮೇಚೇರಿ ಪಾಠ

ಗೀತೆಯ ಎರಡನೆಯ ಅಧ್ಯಾಯದ 22ನೆಯ ಶ್ಲೋಕದಲ್ಲಿ ಶ್ರೀಕೃಷ್ಣ ಹಳೆಯ ಬಟ್ಟೆಯ ದೃಷ್ಟಾಂತ ಎತ್ತುತ್ತಾನೆ. ಜೀರ್ಣವಾದ ವಸ್ತ್ರ ಕಳಚಿ ಹೊಸದನ್ನು ಉಡುವಂತೆ ಆತ್ಮ ದೇಹ ಬದಲಿಸುತ್ತದೆ ಎಂಬುದು ತಾತ್ಪರ್ಯ. ಶಂಕರ, ರಾಮಾನುಜ, ಮಧ್ವರು ಆತ್ಮದ ವಿಚಾರದಲ್ಲಿ ಬೇರೆ ಬೇರೆ ದಾರಿ ಹಿಡಿದರೇ ಹೊರತು, ಕಳಚಿದ ಬಟ್ಟೆ ಆಮೇಲೆ ಎಲ್ಲಿಗೆ ಹೋಯಿತು ಎಂದು ವಿಚಾರಿಸಿದಂತೆ ಕಾಣೆ. ಆ ಪ್ರಶ್ನೆ ಸೇಲಂ ಜಿಲ್ಲೆಯ ಮೇಚೇರಿ ಸೀಮೆಯ ಕನ್ನಡ ಮನೆಗಳಲ್ಲಿ, ಹಿತ್ತಿಲ ಒಗೆಯುವ ಕಲ್ಲಿನ ಬಳಿ, ಎಂದೋ ಇತ್ಯರ್ಥವಾಗಿದೆ. ಅಲ್ಲಿನ ಮತದ ಪ್ರಕಾರ ದೇಹ ಇದ್ದಲ್ಲೇ ಇರುತ್ತದೆ, ಜನ್ಮಾಂತರವೇನಿದ್ದರೂ ಬಟ್ಟೆಗೆ. ಪ್ರಸ್ತುತ ಪ್ರಬಂಧ ಈ ಮತವನ್ನು ಹಳೆಯ ಟೀ-ಶರ್ಟಿಗೆ ಅನ್ವಯಿಸಿ ಸ್ಥಾಪಿಸುತ್ತದೆ. ಸೂತ್ರ ಬರೆದಿಟ್ಟ ಪುಣ್ಯಾತ್ಮರು ಯಾರೂ ಇಲ್ಲದ ಕಾರಣ ಸೂತ್ರ, ವೃತ್ತಿ, ಭಾಷ್ಯ ಮೂರನ್ನೂ ನಾನೇ ಬರೆದು, ನನ್ನನ್ನೇ ಖಂಡಿಸಿಕೊಂಡು, ಕಡೆಗೆ ನಾನೇ ಗೆದ್ದಿದ್ದೇನೆ.

ಮೊದಲ ಸೂತ್ರ: ಗುಂಡಿಯಿಲ್ಲದ್ದು, ತಲೆಯ ಮೇಲಿಂದ ಇಳಿಯುವುದು, ಕೇಳದೆ ಬರುವುದು ಟೀ-ಶರ್ಟು.

ಭಾಷ್ಯ: ‘ಗುಂಡಿಯಿಲ್ಲದ್ದು’ ಎಂದದ್ದರಿಂದ ಶರ್ಟು ಹೊರಗಾಯಿತು. ‘ತಲೆಯ ಮೇಲಿಂದ ಇಳಿಯುವುದು’ ಎಂದದ್ದರಿಂದ ಪಂಚೆ ಹೊರಗಾಯಿತು. ಹೊಲಿದ ಲುಂಗಿಯನ್ನೂ ತಲೆಯ ಮೇಲಿಂದಲೇ ಇಳಿಸುತ್ತಾರಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ಒಪ್ಪಿದೆ, ಅದಕ್ಕೇ ಮೂರನೆಯ ಲಕ್ಷಣ. ಲುಂಗಿಯನ್ನು ಕಾಸು ಕೊಟ್ಟು ತರಬೇಕು. ಟೀ-ಶರ್ಟು ಹಾಗಲ್ಲ. ಪೇಂಟ್ ಅಂಗಡಿಯವರು ಕೊಡುತ್ತಾರೆ, ಸಿಮೆಂಟಿನವರು ಕೊಡುತ್ತಾರೆ, ಬಿತ್ತನೆ ಬೀಜದವರು ಕೊಡುತ್ತಾರೆ, ಚುನಾವಣೆ ಬಂದರೆ ಎಲ್ಲರೂ ಕೊಡುತ್ತಾರೆ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1913ರಲ್ಲಿ ಅಮೆರಿಕದ ನೌಕಾಪಡೆ ಇದನ್ನು ಒಳಅಂಗಿಯಾಗಿ ಹಂಚಿತು. 1951ರಲ್ಲಿ ಮಾರ್ಲನ್ ಬ್ರಾಂಡೊ ಸಿನಿಮಾದಲ್ಲಿ ಅದನ್ನೇ ಹೊರಅಂಗಿಯಾಗಿ ತೊಟ್ಟು ನಿಂತ. ಒಳಗಿನದು ಹೊರಗಾಯಿತು, ಯಾರೂ ನಾಚಲಿಲ್ಲ. ನಮ್ಮ ಕಡೆಗೆ ಬಂದರೆ, ಮೇಚೇರಿಯಿಂದ ತೆಂಕಲಾಗಿ ಭವಾನಿ, ಪೆರುಂದುರೈ ದಾಟಿ ಹೋದರೆ ತಿರುಪ್ಪೂರು. ದೇಶದ ಬನಿಯನ್ನಿನ ತವರು. ಹಡಗು ಹತ್ತಲಾಗದೆ ಉಳಿದ ಮಾಲು ಸುತ್ತಲ ಸಂತೆಗಳಲ್ಲಿ ರಾಶಿ ಬೀಳುತ್ತದೆ. ಹಾಗಾಗಿ ಈ ಸೀಮೆಯ ಮುದುಕರ ಎದೆಯ ಮೇಲೆ ಅವರು ಕಾಣದ ವಿಶ್ವವಿದ್ಯಾಲಯದ ಹೆಸರಿರುವುದು ಸಾಮಾನ್ಯ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಸೇಲಂ ಸೀಮೆಯ ದೇವಾಂಗರು ಮನೆಯೊಳಗೆ ಕನ್ನಡ ಆಡುವವರು, ಓದುಬರಹ ತಮಿಳಿನಲ್ಲಿ. ಕುಲದೇವತೆ ಚೌಡೇಶ್ವರಿ, ಕುಲಕಸುಬು ಮಗ್ಗ. ದೇವಲ ಮಹರ್ಷಿ ವಿಷ್ಣುವಿನ ನಾಭಿಯ ತಾವರೆದಂಟಿನಿಂದ ನೂಲು ತಂದು ದೇವಾನುದೇವತೆಗಳಿಗೆ ಬಟ್ಟೆ ನೇಯ್ದ ಎಂಬುದು ಅವರ ಕುಲಪುರಾಣ. ನೇಕಾರ ವಚನಕಾರ ಜೇಡರ ದಾಸಿಮಯ್ಯನನ್ನು ತಮ್ಮವನೆಂದು ಹೆಮ್ಮೆಪಡುವ ಜನ. ಇಂಥವರಿಗೆ ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಟೀ-ಶರ್ಟಿನ ‘ಜರ್ಸಿ’ ಎಂಬ ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸುತ್ತ ಹೋದ ನೂಲಿನ ಸಾಲು, ಅಷ್ಟೆ. ಅಡ್ಡಕ್ಕೆ ಎಳೆದರೆ ಧಾರಾಳ ಹಿಗ್ಗುತ್ತದೆ, ಉದ್ದಕ್ಕೆ ಎಳೆದರೆ ಬಿಗುಮಾನ ತೋರುತ್ತದೆ. ಹಾಗಾದರೆ ಇದು ಬಟ್ಟೆಯೇ? ನೇಕಾರರ ಮನೆಯೊಳಗೇ ಇದಕ್ಕೆ ಎರಡು ಪಕ್ಷ. ಮಾವನವರ ಪಕ್ಷ: ಅಲ್ಲ. ಸೊಸೆಯ ಪಕ್ಷ: ಬಟ್ಟೆಯಲ್ಲದಿದ್ದರೆ ಮತ್ತೂ ಒಳ್ಳೆಯದು, ಕತ್ತರಿ ಹಾಕಲು ಪಾಪ ತಟ್ಟುವುದಿಲ್ಲ.

ಸೊಸೆಯ ಪಕ್ಷಕ್ಕೆ ಪ್ರತ್ಯಕ್ಷ ಪ್ರಮಾಣವೂ ಇದೆ. ಮಗ್ಗದ ಬಟ್ಟೆಯನ್ನು ಕತ್ತರಿಸಿ ಹಾಗೇ ಬಿಟ್ಟರೆ ಅಂಚಿನ ನೂಲು ಒಂದೊಂದೇ ಜಾರುತ್ತದೆ. ಮಡಿಸಿ ಹೊಲಿಯದೆ ಗತಿಯಿಲ್ಲ. ಜರ್ಸಿಯನ್ನು ಕತ್ತರಿಸಿದರೆ ಅಂಚು ಬಿಚ್ಚುವ ಬದಲು ಒಣ ಎಲೆಯಂತೆ ಸುರುಳಿ ಸುತ್ತಿಕೊಂಡು ಸುಮ್ಮನಾಗುತ್ತದೆ. ತೋಳು ಕತ್ತರಿಸಿ ಕೈಯಿಲ್ಲದ ಅಂಗಿ ಮಾಡಿ, ಅಂಚು ಹೊಲಿಯದೆ ಬಿಟ್ಟರೂ ಅದೇ ಫ್ಯಾಷನ್ ಎನ್ನಬಹುದು. ಸೋಮಾರಿತನಕ್ಕೆ ಇಷ್ಟು ಅನುಕೂಲವಾದ ಬಟ್ಟೆಯನ್ನು ದೇವಲ ಮಹರ್ಷಿಯೂ ನೇಯಲಿಲ್ಲ.

(ಪ್ರಾಸಂಗಿಕವಾಗಿ ಮೇಚೇರಿಯ ಕುರಿಯನ್ನು ನೆನೆಯಬೇಕು. ಊರಿನ ಹೆಸರನ್ನೇ ಹೊತ್ತ ಈ ತಳಿಗೆ ಉಣ್ಣೆ ಇಲ್ಲ, ಮೋಟು ಕಂದುಗೂದಲು ಮಾತ್ರ. ಕೀರ್ತಿಯೆಲ್ಲ ಅದರ ಚರ್ಮಕ್ಕೆ. ಹತ್ತಿರದ ಪೊಟ್ಟನೇರಿಯಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಕುರಿಯೇ ಉಣ್ಣೆ ಬೇಡವೆಂದ ಊರಿನಲ್ಲಿ ಹೆಣೆದ ಬಟ್ಟೆ ಅನುಮಾನಕ್ಕೆ ಗುರಿಯಾದದ್ದು ಸಹಜ.)

ಎರಡನೆಯ ಸೂತ್ರ: ಕತ್ತರಿಗೆ ಮುನ್ನ ಬೆಂಕಿ.

ಭಾಷ್ಯ: ಅಗ್ನಿಪರೀಕ್ಷೆ ಇಲ್ಲಿ ಅಲಂಕಾರದ ಮಾತಲ್ಲ. ಒಳಗಡೆಯ ಹೊಲಿಗೆಯಿಂದ ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಬೇಕು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರು. ಹತ್ತಿಯದಾದರೆ ನೀರು ಹೀರುತ್ತದೆ, ಮುಂದಿನ ಜನ್ಮಗಳಿಗೆ ಅರ್ಹ. ಕಪ್ಪು ಹತ್ತಿಯ ಮೇಲೆ ಬ್ಲೀಚ್ ಚಿಮುಕಿಸಿದರೆ ಕಿತ್ತಳೆ ಬಣ್ಣದ ಚುಕ್ಕಿ ಏಳುವುದುಂಟು. ಪಾಲಿಯೆಸ್ಟರಿನ ಮೇಲೆ ಚಿಮುಕಿಸಿದರೆ ಬ್ಲೀಚ್ ದಂಡ. ಸೀಮೆಎಣ್ಣೆ ಸ್ಟವ್ವಿನ ಕಾಲದ ಅಜ್ಜಿಯರಿಗೆ ಮಸಿಬಟ್ಟೆ ಆರಿಸುವಾಗ ಇದೆಲ್ಲ ಮೂಗಿನಲ್ಲೇ ಗೊತ್ತಾಗುತ್ತಿತ್ತು.

ಈಗ ಜನ್ಮಾಂತರ ಪ್ರಕರಣ. ಹೊರಗೆ ತೊಡುವ ಅಂಗಿ ಕಾಲರ್ ಜೋತುಬಿದ್ದ ದಿನ ಮನೆಯೊಳಗಿನ ಅಂಗಿಯಾಗುತ್ತದೆ. ಕಂಕುಳು ಹರಿದ ದಿನ ಮಲಗುವ ಅಂಗಿ. ಅಣ್ಣನದು ತಮ್ಮನಿಗೆ ಇಳಿಯುವುದು ಸೋಪಾನಕ್ರಮ. ತಮ್ಮನಿಂದ ಅಪ್ಪನಿಗೆ ಏರುವುದು ವಿಲೋಮಕ್ರಮ, ಅಪ್ಪಂದಿರು ಅದನ್ನೇ ತೊಟ್ಟು ಬ್ಯಾಂಕಿಗೂ ಹೋಗುತ್ತಾರೆ. ಆಮೇಲೆ ಟೈಲರಿಂಗ್ ಮಿಷನ್ನಿನ ಪಾಳಿ. ಮಾಮೂಲಿ ಚೂಪು ಸೂಜಿ ಕುಣಿಕೆಯ ನೂಲನ್ನೇ ಕಡಿದು ತೂತು ಮಾಡುತ್ತದೆ. ಮೊನೆ ಮೊಂಡಾದ ಬಾಲ್‌ಪಾಯಿಂಟ್ ಸೂಜಿ ನೂಲನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಹೊಲಿಗೆ ಜಿಗ್‌ಜಾಗ್ ಇರಬೇಕು, ಇಲ್ಲದಿದ್ದರೆ ಬಟ್ಟೆ ಹಿಗ್ಗುತ್ತದೆ, ನೂಲು ಹಿಗ್ಗದೆ ಪಟ್ಟೆಂದು ಹರಿಯುತ್ತದೆ. ಹೊಲಿಯುವಾಗ ಬಟ್ಟೆಯನ್ನು ಎಳೆದರೆ ಅಂಚು ಅಲೆಅಲೆಯಾಗುತ್ತದೆ. ಬೇಕೆಂದೇ ಹೀಗೆ ಮಾಡಿದ್ದು ಎಂದು ಹೇಳಿ ಹೆಣ್ಣುಮಕ್ಕಳ ಫ್ರಾಕಿಗೆ ಬಳಸಬಹುದು. ಮುಂಭಾಗದ ಚಿತ್ರವನ್ನು ಒಳಮುಖ ಮಾಡಿ ಹೊಲಿದ ದಿಂಬಿನ ಚೀಲ ಸವೆದಾಗ, ಮೆಟ್ಟೂರು ಅಣೆಕಟ್ಟಿನ ನೀರಿಳಿದಾಗ ಪಣ್ಣವಾಡಿಯಲ್ಲಿ ಮುಳುಗಿದ ಗುಡಿಯ ನಂದಿ ತಲೆಯೆತ್ತುವಂತೆ, ಹಳೆಯ ಅಭ್ಯರ್ಥಿಯ ಮುಖ ಮೆಲ್ಲಗೆ ಮೇಲೇಳುತ್ತದೆ.

ಕೈಚೀಲದ ಜನ್ಮಕ್ಕೆ ಸರಕಾರದ ಆಶೀರ್ವಾದವೂ ಇದೆ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಕುವ ಪ್ಲಾಸ್ಟಿಕ್ ನಿಷೇಧ. 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆಯ ಚೀಲಕ್ಕೆ ಮರಳಿಸುವ ‘ಮೀಂಡುಂ ಮಂಜಪ್ಪೈ’ ಯೋಜನೆ. ಟೀ-ಶರ್ಟಿನ ತೋಳೆರಡನ್ನೂ ತೆಗೆದು, ಕತ್ತನ್ನು ಅಗಲವಾಗಿ ಕತ್ತರಿಸಿದರೆ ಹಿಡಿಕೆ ತಾನೇ ಸಿದ್ಧ. ಕೆಳಅಂಚನ್ನು ಜಡೆಯೆಳೆಗಳಂತೆ ಸೀಳಿ, ಮುಂದಿನ ಎಳೆಗೆ ಹಿಂದಿನ ಎಳೆ ಗಂಟು ಹಾಕುತ್ತ ಹೋದರೆ ಸೂಜಿಯೇ ಬೇಡ. ಒಂದು ದೋಷ: ನುಗ್ಗೆಕಾಯಿ ಹಾಕಿದರೆ ಚೀಲ ಸರಿಯಾಗಿರುತ್ತದೆ, ಎರಡು ಕಿಲೋ ಈರುಳ್ಳಿ ಹಾಕಿದರೆ ಮೊಣಕಾಲಿಗೆ ಇಳಿಯುತ್ತದೆ. ಇದನ್ನು ಜರ್ಸಿಯ ಔದಾರ್ಯವೆಂದು ತಿಳಿಯತಕ್ಕದ್ದು.

ಕಡೆಯ ಜನ್ಮ ನೂಲಿನದು. ಇಲ್ಲಿ ಮಾವನವರ ಪಕ್ಷಕ್ಕೂ ಸಮಾಧಾನವಿದೆ. ಅಂಗಿಯ ಹೊಟ್ಟೆಭಾಗವನ್ನು ಬೆರಳಗಲ ಪಟ್ಟಿಗಳಾಗಿ, ಒಂದು ಬದಿಯನ್ನು ಬಿಡಿಸದೆ ಸೀಳಿ, ಆ ಬದಿಯಲ್ಲಿ ಓರೆಯಾಗಿ ಕತ್ತರಿಸುತ್ತ ಹೋದರೆ ಇಡೀ ಅಂಗಿ ಒಂದೇ ಎಳೆಯಾಗಿ ಬರುತ್ತದೆ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೆ ಅಂಚುಗಳು ಒಳಗೆ ಸುತ್ತಿಕೊಂಡು ದುಂಡನೆಯ ದಾರ. ಅದನ್ನು ಹೊಕ್ಕಾಗಿ ಹಾಕಿ ಕಾಲೊರಸು ನೇಯಬಹುದು. ಹಾಸು–ಹೊಕ್ಕಿಲ್ಲದ ಅನಾಥ ಹೀಗೆ ಮಗ್ಗಕ್ಕೆ ಸೇರಿ ಕುಲೀನನಾಗುತ್ತಾನೆ. ಆತನ ಮೇಲೆ ಕಾಲೊರೆಸುತ್ತಾರೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ಯಾಕೆ, ಹೊಸದು ತಂದರಾಯಿತಲ್ಲ ಎಂಬ ಚಾರ್ವಾಕರಿಗೆ ಗಣಿತದಿಂದ ಉತ್ತರ. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಟೀ-ಶರ್ಟಿಗೆ ಸುಮಾರು 2,700 ಲೀಟರು ನೀರು ಬೇಕೆಂದು ಪರಿಸರದವರ ಲೆಕ್ಕ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು 120 ಅಡಿ ತುಂಬಿದರೆ 93.47 ಟಿಎಂಸಿ. ಭಾಗಿಸಿದರೆ ಹೆಚ್ಚುಕಡಿಮೆ 98 ಕೋಟಿ ಟೀ-ಶರ್ಟು. ಅಂದರೆ ಕಾವೇರಿಯ ವಿವಾದವನ್ನೆಲ್ಲ ಬದಿಗಿಟ್ಟು, ಡೆಲ್ಟಾದ ಗದ್ದೆಗೆ ಒಂದು ಹನಿ ಬಿಡದೆ, ಅಣೆಕಟ್ಟನ್ನು ಪೂರ್ತಿ ಬಸಿದರೂ ಭಾರತೀಯರಿಗೆ ತಲೆಗೊಂದು ಅಂಗಿ ಬರುವುದಿಲ್ಲ. ಬಣ್ಣದ ಲೆಕ್ಕ ಇನ್ನೂ ಬೇರೆ: ನೊಯ್ಯಲ್ ನದಿ ಕೆಟ್ಟದ್ದಕ್ಕೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿತು. ಈ ಪ್ಯಾರಾ ಒಂದರಲ್ಲಿ ಮಾತ್ರ ಪ್ರಬಂಧಕಾರ ನಗುತ್ತಿಲ್ಲ.

ಉಳಿದದ್ದು ಸ್ವಾಮ್ಯದ ಪ್ರಶ್ನೆ. ವರ್ಷಗಟ್ಟಲೆ ಮುಟ್ಟದ ಅಂಗಿ, ಕತ್ತರಿ ತಗುಲಿದ ಕ್ಷಣದಲ್ಲಿ ಪ್ರಾಣಪ್ರಿಯವಾಗುತ್ತದೆ. “ಅಮ್ಮಾ, ಅದು ನನ್ನ ಕಾಲೇಜಿನ ಅಂಗಿ!” “ನಿನ್ನ ಕಾಲೇಜು ಮುಗಿದು ನಿನ್ನ ಮಗ ಸ್ಕೂಲಿಗೆ ಹೋಗ್ತಿದಾನೆ ಕಣೋ.” ಧರ್ಮಶಾಸ್ತ್ರಗಳು ಭೂಮಿಗೂ ಚರಸೊತ್ತಿಗೂ ಅನುಭೋಗದ ಅವಧಿ ಗೊತ್ತುಮಾಡಿವೆ, ಟೀ-ಶರ್ಟಿನ ಹೆಸರೆತ್ತಿಲ್ಲ. ನಮ್ಮ ತೀರ್ಪು ಇಂತಿದೆ: ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಮೈಗೇರದ ಟೀ-ಶರ್ಟಿನ ಹಕ್ಕು ಮನೆಯ ಕತ್ತರಿಗೆ ಸೇರತಕ್ಕದ್ದು; ಅಂಗಿಯವನ ಮೇಲ್ಮನವಿಯನ್ನು ಅಂಗಿ ಕೈಚೀಲವಾದ ಮೇಲೆ ಮಾತ್ರ ಆಲಿಸತಕ್ಕದ್ದು. ಓದುಗರಲ್ಲಿ ಒಂದೇ ಕೋರಿಕೆ: ಕತ್ತರಿಸುವ ಮೊದಲು ಅಂಗಿಯನ್ನು ಒಗೆದು ಒಣಗಿಸಿ. ಎಂದೂ ಒಗೆಯದೆ ಇಟ್ಟ ಹತ್ತಿಯಂಗಿ ಮೊದಲ ಒಗೆತಕ್ಕೇ ಕುಗ್ಗಿ ಅಳತೆ ಕೆಡಿಸುತ್ತದೆ.