ಕಾರ್ಟೂನ್ ಷೇರುರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬರು ಷೇರುರಾಯರು ಇದ್ದೇ ಇರುತ್ತಾರೆ. ನಿವೃತ್ತಿ, ಮಂಡಿನೋವು, ಡಿಮ್ಯಾಟ್ ಖಾತೆ ಮೂರೂ ಒಟ್ಟಿಗೇ ಒದಗಿ ಬಂದವರು ಇವರು. ನಮ್ಮ ಬಡಾವಣೆಯ ರಾಯರಿಗೆ ಸಿಮೆಂಟು, ಔಷಧಿ, ಬ್ಯಾಂಕಿನ ಷೇರುಗಳೆಲ್ಲ ಸಪ್ಪೆ. ಕಾರ್ಟೂನ್ ಸಿನಿಮಾ ಮಾಡುವ ಕಂಪನಿಯದೇ ಆಗಬೇಕು.

“ಹೀರೋ ಅಂದ್ರೆ ಸಂಭಾವನೆ ಕೊಡಬೇಕು, ಕ್ಯಾರವಾನ್ ಕೊಡಬೇಕು, ಮುನಿಸು ಸಹಿಸಬೇಕು. ಕಾರ್ಟೂನ್ ಮೀನಿಗೆ ಏನು ಕೊಡಬೇಕು ಹೇಳಿ? ಅದಕ್ಕೆ ವಯಸ್ಸೂ ಆಗಲ್ಲ, ರಾಜಕೀಯಕ್ಕೂ ಹೋಗಲ್ಲ” ಎಂಬುದು ಅವರ ಮೂಲಸಿದ್ಧಾಂತ. ಆ ಮೀನಿನ ಬಾಲ ಅಲ್ಲಾಡಿಸಲು ನೂರಾರು ಜನ ವರ್ಷಗಟ್ಟಲೆ ಸಂಬಳ ಎಣಿಸುತ್ತಾರಲ್ಲ ಎಂದರೆ, “ಅದು ಖರ್ಚಿನ ಕಾಲಂ ಸ್ವಾಮಿ, ನಾನು ಆದಾಯದ ಮಾತಾಡ್ತಿದೀನಿ” ಎಂದು ತಳ್ಳಿಹಾಕುತ್ತಾರೆ.

ಸಿನಿಮಾಕ್ಕೆ ಮೊಮ್ಮಗಳನ್ನು ಕರೆದೊಯ್ಯುವುದೂ ಸಂಶೋಧನೆಗಾಗಿಯೇ. ಅವಳು ಪರದೆ ನೋಡಿದರೆ ಇವರು ಪ್ರೇಕ್ಷಕರನ್ನು ನೋಡುತ್ತಾರೆ. ಮರಿ ತಾಯಿಯಿಂದ ಅಗಲಿದ ಘಳಿಗೆಯಲ್ಲಿ ಎಷ್ಟು ಮಕ್ಕಳು ಅತ್ತವೆಂದು ಸಾಲುವಾರು ಲೆಕ್ಕ ಹಾಕುತ್ತಾರೆ. ಅಳು ಹೆಚ್ಚಿದಷ್ಟೂ ಆಟಿಕೆ ಮಾರಾಟ ಹೆಚ್ಚಂತೆ. ಸ್ವಂತ ಮೊಮ್ಮಗಳು ಬಿಕ್ಕಿದರೆ ಮುಖದಲ್ಲಿ ಏನೋ ಸಮಾಧಾನ.

ಸಂಜೆ ಪಾರ್ಕಿನಲ್ಲಿ ಪಿಕ್ಸಾರ್ ಪುರಾಣ. “1995ರ ನವೆಂಬರ್ 22ಕ್ಕೆ ‘ಟಾಯ್ ಸ್ಟೋರಿ’ ತೆರೆಗೆ ಬಂತು, 29ಕ್ಕೆ ಕಂಪನಿಯೇ ಮಾರುಕಟ್ಟೆಗೆ ಬಂತು. 22 ಡಾಲರಿನ ಷೇರು ಸಂಜೆಗೆ 39! 2006ರಲ್ಲಿ ಡಿಸ್ನಿಯವರು 740 ಕೋಟಿ ಡಾಲರಿಗೆ ಕೊಂಡು, ಒಂದು ಪಿಕ್ಸಾರ್ ಷೇರಿಗೆ ತಮ್ಮ 2.3 ಷೇರು ಕೊಟ್ಟರು.” ಹೊಸಬರು ಇದನ್ನು ಕೇಳಿದರೆ ಆ ಷೇರೆಲ್ಲ ರಾಯರ ಬೀರುವಿನಲ್ಲೇ ಇದೆಯೆಂದುಕೊಳ್ಳಬೇಕು. ನಮ್ಮಂಥ ಸಾಮಾನ್ಯರು ವರ್ಷಕ್ಕಿಷ್ಟೆಂದು ಡಾಲರ್ ಕಳಿಸಿ ವಿದೇಶಿ ಷೇರು ಕೊಳ್ಳಲು ರಿಸರ್ವ್ ಬ್ಯಾಂಕು ದಾರಿ ಬಿಟ್ಟದ್ದು 2004ರಲ್ಲಿ. ಪಿಕ್ಸಾರ್ ಇನ್ನೂ ಎರಡು ವರ್ಷ ಮಾರುಕಟ್ಟೆಯಲ್ಲಿತ್ತಲ್ಲ, ಆಗ್ಯಾಕೆ ಕೊಳ್ಳಲಿಲ್ಲ ಎಂದೆ. “ಆ ಸುತ್ತೋಲೆ ನಮ್ಮ ಬ್ಯಾಂಕಿನ ಬ್ರಾಂಚಿಗೂ ಬಂದಿತ್ತು. ಫೈಲಿಗೆ ಹಾಕಿದ್ದೇ ನಾನು” ಎಂದರು.

ಡ್ರೀಮ್‌ವರ್ಕ್ಸ್ ಎಂದರೆ ಮಾತ್ರ ಕನ್ನಡಕ ಒರೆಸತೊಡಗುತ್ತಾರೆ. ತನ್ನ ‘ಶ್ರೆಕ್ 2’ ಜಗತ್ತನ್ನೇ ಗೆದ್ದ 2004ರಲ್ಲಿ ಆ ಕಂಪನಿ ಮೊದಲ ಬಾರಿಗೆ ಜನರಿಗೆ ಷೇರು ಮಾರಿದ್ದು 28 ಡಾಲರಿಗೆ. ಮರುವರ್ಷ ಅದೇ ಚಿತ್ರದ ಡಿವಿಡಿ ಅಂದಾಜಿನಷ್ಟು ಖರ್ಚಾಗದೆ ಷೇರು ಬಿತ್ತು. 2012ರ ‘ರೈಸ್ ಆಫ್ ದಿ ಗಾರ್ಡಿಯನ್ಸ್’ ಜಗತ್ತಿನಾದ್ಯಂತ 30 ಕೋಟಿ ಡಾಲರ್ ದಾಟಿಯೂ ಕಂಪನಿ 8.7 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಗಲ್ಲಾಪೆಟ್ಟಿಗೆಯ ಹಣದಲ್ಲಿ ಥಿಯೇಟರಿನವರ ಪಾಲು, ಪ್ರಚಾರ, ಹಂಚಿಕೆ ಎಲ್ಲ ಕಳೆದ ಮೇಲಲ್ಲವೇ ಸ್ಟುಡಿಯೋ ಕೈಗೆ ಚಿಲ್ಲರೆ ಬರುವುದು? 2016ರಲ್ಲಿ ಕಾಮ್‌ಕಾಸ್ಟ್ ಕೊಂಡದ್ದು 41 ಡಾಲರಿಗೆ. ಹನ್ನೆರಡು ವರ್ಷದ ಸರಾಸರಿ ಡಾಲರಿನಲ್ಲಿ ಶೇಕಡ ಮೂರರ ಆಸುಪಾಸು.

ಇನ್ನು ಚೆನ್ನೈನ ಕಾರ್ಟೂನ್ ಕಂಪನಿ ಪೆಂಟಾಮೀಡಿಯಾ. 2000ದ ಹುಚ್ಚುಹೊಳೆಯಲ್ಲಿ ಮುಗಿಲು ಮುಟ್ಟಿ, ಕೇತನ್ ಪಾರೇಖ್ ಷೇರು ಹಗರಣದ ಹೊತ್ತಿಗೆ ನೆಲ ಕಚ್ಚಿದ ಷೇರು. ಈ ಕಥೆಯನ್ನು ಮಾತ್ರ ರಾಯರು “ಯಾರೋ ಪಾಪ ತೊಗೊಂಡಿದ್ರಂತೆ” ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮನೆಯಲ್ಲಿ ಹೇಳಿದರೆ ಅಡಿಗೆಮನೆಯ ಪಾತ್ರೆ ಸದ್ದು ಜೋರಾಗುತ್ತದೆ.

2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಕಾರ್ಟೂನ್ ಸಿನಿಮಾ ಬಂತು. ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆಯವರೇ ಎಂದು ರಾಯರಿಗೆ ರೋಮಾಂಚನ. ಕಂಬ ಸಿಡಿದಾಗ ಥಿಯೇಟರೆಲ್ಲ ಕೈ ಮುಗಿಯಿತು. ರಾಯರ ಕೈಯಲ್ಲಿ ಮೊಬೈಲು, ಬೆರಳು ಟ್ರೇಡಿಂಗ್ ಆ್ಯಪಿನಲ್ಲಿ. ಅರ್ಪಿಸಿದವರೂ ಅಲ್ಲಿಲ್ಲ, ತಯಾರಿಸಿದ ಕ್ಲೀಮ್ ಪ್ರೊಡಕ್ಷನ್ಸ್ ಕೂಡ ಇಲ್ಲ. ಅಣು ರೇಣು ತೃಣ ಕಾಷ್ಠಗಳಲ್ಲೆಲ್ಲ ಇರುವ ನರಸಿಂಹ ಎನ್‌ಎಸ್‌ಇಯಲ್ಲಿ ಮಾತ್ರ ಇರಲಿಲ್ಲ. ಚಿತ್ರ ಮುನ್ನೂರು ಕೋಟಿ ದಾಟಿದ ಸುದ್ದಿ ಓದಿ, ಬರಿಗೈಲಿ ಕೂರಲಾರದೆ ಮಲ್ಟಿಪ್ಲೆಕ್ಸ್ ಷೇರು ಕೊಂಡರು.

ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು. ಬೆಳಿಗ್ಗೆ ಪೇಪರ್ ನೋಡಿ “ಭೇಷ್!” ಎಂದ ರಾಯರು, ಒಂಬತ್ತೂಕಾಲಕ್ಕೆ ಮಾರುಕಟ್ಟೆ ತೆರೆದಾಗ ತಾವು ಷೇರುದಾರರೆಂಬುದು ನೆನಪಾಗಿ “ಅನ್ಯಾಯ!” ಎಂದರು. ಹೈಕೋರ್ಟು ಅದಕ್ಕೆ ತಡೆ ಕೊಟ್ಟ ದಿನ ಸಿಹಿ ಹಂಚಿ, ಭಾನುವಾರ ಅದೇ ಥಿಯೇಟರಿನ ಕೌಂಟರಿನಲ್ಲಿ ಟಿಕೆಟ್ ದರಕ್ಕೆ ಜಗಳವಾಡಿದರು.

“ಇಷ್ಟು ವರ್ಷದ ಕಾರ್ಟೂನ್ ಹೂಡಿಕೆಯಿಂದ ಏನು ಬಂತು ರಾಯರೇ?” ಎಂದು ಕೇಳಿಯೇ ಬಿಟ್ಟೆ. “ಹೂಡಿಕೆ ಅಂದ್ರೆ ತಾಳ್ಮೆ...” ಎಂದು ಶುರುಮಾಡುವಷ್ಟರಲ್ಲಿ ಅವರ ಶ್ರೀಮತಿ ಹೊರಗೆ ಬಂದರು.

“ಯಾಕೆ, ಬಂದಿದೆಯಲ್ಲ! ಸಿಂಹದ ಚಿತ್ರ ಇರೋ ಪಾಪ್‌ಕಾರ್ನ್ ಡಬ್ಬ. ಮುಚ್ಚಳ ಗಟ್ಟಿ ಇದೆ, ಹುಣಸೆಹಣ್ಣು ಹಾಕಿಟ್ಟಿದೀನಿ.”